ಹ್ಯಾಕಥಾನ್ ನಡೆಸಿಕೊಡುವ ಸೇವೆ: ಎಲ್ಲಿಯವರೆಗೆ ನೆಚ್ಚಬಹುದು, ಎಲ್ಲಿಂದ ನಮ್ಮದೇ ಹೊಣೆ

ಸಣ್ಣ ಸಣ್ಣ ತಂಡಗಳು ಒಂದೆಡೆ ಕೂತು, ನಿಗದಿತ ಸಮಯದೊಳಗೆ ಒಂದೊಂದು ತೊಂದರೆಗೆ ತಂತ್ರಾಂಶದ ಪ್ರಾಯೋಗಿಕ ಮಾದರಿ ಕಟ್ಟುವ ಕೂಟವೇ ಹ್ಯಾಕಥಾನ್. ಕಚೇರಿಯ ತಂಡಗಳಿಗೆ ಒಂದು ದಿನದ ಹ್ಯಾಕಥಾನ್ ಏರ್ಪಡಿಸಿಕೊಡುವುದನ್ನೇ ವೃತ್ತಿಯಾಗಿಸಿಕೊಂಡ ಸಂಸ್ಥೆಗಳು ಈಗ ಹಲವಿವೆ. ಅಂಥ ಒಂದು ಸಂಸ್ಥೆಯ ಸೇವೆಯನ್ನು ನಮ್ಮ ವಿಭಾಗ ಬಳಸಿಕೊಂಡಿತು. ಏರ್ಪಾಡಿನ ಹೊಣೆ ನನ್ನ ಪಾಲಿಗೆ ಬಂದಿದ್ದರಿಂದ ಮೊದಲ ಮಾತುಕತೆಯಿಂದ ಹಿಡಿದು ಅವರು ಕಳಿಸಿದ ಕೊನೆಯ ವರದಿಯವರೆಗೆ ಎಲ್ಲವನ್ನೂ ಹತ್ತಿರದಿಂದ ನೋಡುವಂತಾಯಿತು. ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ನಾನು ಕಂಡ ಗುಣದೋಷಗಳಲ್ಲಿ ಹೆಚ್ಚಿನವು ಈ ಬಗೆಯ ಸೇವೆಯ ಸ್ವರೂಪದಲ್ಲೇ ಇರುವಂಥವು, ಯಾವುದೋ ಒಬ್ಬರ ಅಲಕ್ಷ್ಯದಿಂದ ಆದವಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹ್ಯಾಕಥಾನಿನ ದಿನವನ್ನು ಗಡಿಯಾರಕ್ಕೆ ಸರಿಯಾಗಿ, ಗೊಂದಲವಿಲ್ಲದೆ ನಡೆಸುವುದರಲ್ಲಿ ಇವರದು ಎತ್ತಿದ ಕೈ. ಆದರೆ ಆ ದಿನದಿಂದ ಕಚೇರಿಗೆ ಏನಾದರೂ ದಕ್ಕುತ್ತದೆಯೇ ಎಂಬುದು ಅದಕ್ಕೆ ಮುಂಚಿನ ವಾರಗಳಲ್ಲಿ ಮತ್ತು ಅದರ ನಂತರದ ತಿಂಗಳುಗಳಲ್ಲಿ ತೀರ್ಮಾನವಾಗುತ್ತದೆ. ಮುಂಚಿನದಕ್ಕೆ ಇವರಿಂದ ಅರ್ಧ ನೆರವು ಸಿಗುತ್ತದೆ, ನಂತರದ್ದಕ್ಕೆ ಏನೂ ಸಿಗುವುದಿಲ್ಲ.

ಒಪ್ಪಂದದಲ್ಲಿ ಮೂರು ವಿಷಯಗಳಿದ್ದವು. ಹೆಸರು ನೋಂದಾಯಿಸುವುದಕ್ಕೆ, ತಂಡ ಕಟ್ಟುವುದಕ್ಕೆ ಮತ್ತು ಮಾಡಿದ ಕೆಲಸವನ್ನು ಸಲ್ಲಿಸುವುದಕ್ಕೆ ಒಂದು ಆನ್‌ಲೈನ್ ವೇದಿಕೆ; ಪೂರ್ವಸಿದ್ಧತೆಯಲ್ಲೂ ಆ ದಿನ ಸ್ಥಳದಲ್ಲೂ ಜೊತೆಗಿರುವ ಒಬ್ಬ ಸಂಚಾಲಕಿ ಮತ್ತು ಅವರ ಸಹಾಯಕ; ತೀರ್ಪುಗಾರರಿಗೆ ಅಂಕಪಟ್ಟಿ ಮತ್ತು ಕೊನೆಗೊಂದು ವರದಿ. ಸಭಾಂಗಣ, ಇಂಟರ್‌ನೆಟ್, ಊಟೋಪಚಾರಗಳೆಲ್ಲ ನಮ್ಮ ಜವಾಬ್ದಾರಿ.

ಈ ಸೇವೆಯಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ್ದು ಜಾಹೀರಾತಿನಲ್ಲಿ ಅವರು ಹೆಚ್ಚು ಹೇಳಿಕೊಳ್ಳದ ಒಂದು ಪುಟದ ನಮೂನೆ. ಹ್ಯಾಕಥಾನಿಗೆ ಮೂರು ವಾರ ಮುಂಚೆ ಅದನ್ನು ವಿಭಾಗದ ಎಲ್ಲರಿಗೂ ಕಳಿಸಿದರು. ಪ್ರಶ್ನೆಗಳು ನಾಲ್ಕೇ: ಈ ತೊಂದರೆ ಯಾರದು, ಎಷ್ಟು ಸಲ ಎದುರಾಗುತ್ತದೆ, ಈಗ ಅದನ್ನು ಹೇಗೆ ನಿಭಾಯಿಸುತ್ತಿದ್ದಾರೆ, ಸಂಜೆಯ ಹೊತ್ತಿಗೆ ಏನು ಕಣ್ಣಿಗೆ ಕಂಡರೆ ಕೆಲಸ ಆಯಿತೆನ್ನಬಹುದು. ಪರಿಹಾರ ಏನು ಎಂಬ ಪ್ರಶ್ನೆಯೇ ಅದರಲ್ಲಿ ಇರಲಿಲ್ಲ. ಎಂಜಿನಿಯರುಗಳು ನಮೂನೆ ತುಂಬುವಾಗ ಮೊದಲು ಪರಿಹಾರವನ್ನು ಬರೆದು ಆಮೇಲೆ ಅದಕ್ಕೊಪ್ಪುವ ತೊಂದರೆಯನ್ನು ಹುಡುಕುವುದು ಹಳೆಯ ಅಭ್ಯಾಸ. ಆ ಜಾಗವನ್ನೇ ತೆಗೆದುಹಾಕಿದ್ದರಿಂದ ಆ ಅಭ್ಯಾಸಕ್ಕೆ ಕಡಿವಾಣ ಬಿತ್ತು.

ಬಂದ ಪುಟಗಳನ್ನು ಸಂಚಾಲಕಿ ಒಂದೊಂದಾಗಿ ಓದಿದರು, ಅದೂ ಕಾಟಾಚಾರಕ್ಕಲ್ಲ. ಹಿರಿಯರೊಬ್ಬರು ಬರೆದಿದ್ದ 'ಕೃತಕ ಬುದ್ಧಿಮತ್ತೆಯಿಂದ ಗ್ರಾಹಕರ ಅನುಭವವನ್ನು ಉತ್ತಮಪಡಿಸುವುದು' ಎಂಬ ಪುಟ ಅಂಚಿನಲ್ಲಿ ಒಂದೇ ಪ್ರಶ್ನೆ ಹೊತ್ತು ವಾಪಸು ಬಂತು: 'ಇದರಿಂದ ಯಾರ ಯಾವ ಕೆಲಸ ಹಗುರಾಗುತ್ತದೆ?' ಅದಕ್ಕೆ ಉತ್ತರ ಬರಲಿಲ್ಲ, ವಿಷಯ ಪಟ್ಟಿಗೆ ಸೇರಲಿಲ್ಲ. ಅದೇ ಹೊತ್ತಿಗೆ, ಕೋಡ್ ಬರೆಯಲು ಬಾರದ, ಗ್ರಾಹಕ ಸೇವೆಯಲ್ಲಿರುವ ಒಬ್ಬ ಸಹೋದ್ಯೋಗಿ, ವಾರದ ಮೊದಲ ದಿನ ಮೂರು ಬೇರೆ ಬೇರೆ ಎಕ್ಸೆಲ್ ಹಾಳೆಗಳನ್ನು ಕೈಯಿಂದಲೇ ಹೊಂದಿಸಿ ಬಾಕಿ ಉಳಿದ ಹಣ ಮರುಪಾವತಿಗಳ ಪಟ್ಟಿ ಮಾಡುವುದರಲ್ಲಿ ಇಡೀ ಬೆಳಿಗ್ಗೆ ಕಳೆದುಹೋಗುತ್ತದೆ ಎಂದು ಬರೆದಿದ್ದರು. ಅದು ಪಟ್ಟಿಯ ಮೇಲ್ತುದಿಗೆ ಏರಿತು. ಒಳಗಿನವರು ಯಾರಾದರೂ ಈ ಜರಡಿ ಹಿಡಿದಿದ್ದರೆ ಹಿರಿಯರ ಪುಟವನ್ನು ಹಿಂದಕ್ಕೆ ಕಳಿಸುವ ಧೈರ್ಯ ಮಾಡುತ್ತಿದ್ದರೆಂದು ನನಗನಿಸುವುದಿಲ್ಲ. ಹೊರಗಿನವರನ್ನು ಕರೆಸುವುದಕ್ಕೆ ಇದೊಂದೇ ಕಾರಣ ಸಾಕು.

ಆದರೆ ಪೂರ್ವಸಿದ್ಧತೆಯ ಇನ್ನೊಂದು ಅರ್ಧದ ಬಗ್ಗೆ ಅವರ ಪಟ್ಟಿ ಮೌನವಾಗಿತ್ತು. ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದು ಕುಳಿತ ತಂಡಕ್ಕೆ ಡೇಟಾ ಎಲ್ಲಿಂದ ಬರಬೇಕು, ಪರೀಕ್ಷಾ ಸರ್ವರಿಗೆ ಪ್ರವೇಶ ಯಾರು ಕೊಡಬೇಕು, ಬೇಕಾದ ತಂತ್ರಾಂಶಗಳನ್ನು ಯಾವಾಗ ಅಳವಡಿಸಿಕೊಳ್ಳಬೇಕು ಎಂಬುದಕ್ಕೆ ಅವರಲ್ಲಿದ್ದುದು 'ಆತಿಥೇಯ ಸಂಸ್ಥೆ ತಾಂತ್ರಿಕ ಸೌಲಭ್ಯ ಒದಗಿಸತಕ್ಕದ್ದು' ಎಂಬ ಒಂದು ಸಾಲು ಮಾತ್ರ. ಎಂಟು ಗಂಟೆಗಳ ಕೆಲಸದಲ್ಲಿ ಎರಡು ಗಂಟೆ ಪಾಸ್‌ವರ್ಡಿಗಾಗಿ ಕಾಯುವುದರಲ್ಲಿ ಹೋದರೆ ಉಳಿದದ್ದರಲ್ಲಿ ಏನೂ ಆಗುವುದಿಲ್ಲ. ಹ್ಯಾಕಥಾನಿನಲ್ಲಿ ಗುಂಪಿನ ಉತ್ಸಾಹ ಇಳಿಯುವುದು ಕಷ್ಟದ ಕೋಡಿನಿಂದಲ್ಲ, ಸಿಗದ ಅನುಮತಿಗಳಿಂದ.

ಹೀಗಾಗಿ ಈ ಕೆಲಸವನ್ನು ನಾವೇ ಮಾಡಿಕೊಂಡೆವು. ನೈಜ ಗ್ರಾಹಕರ ದತ್ತಾಂಶದ ಬದಲು ಹೆಸರು, ವಿಳಾಸ, ಖಾತೆ ಸಂಖ್ಯೆಗಳನ್ನು ಮರೆಮಾಡಿದ ಒಂದು ಪ್ರತಿ ತಯಾರಾಯಿತು. ಭದ್ರತಾ ವಿಭಾಗದ ಸಹೋದ್ಯೋಗಿ ಅದನ್ನು ಪರಿಶೀಲಿಸುವಾಗ, ಕಾಲಮ್ಮುಗಳೆಲ್ಲ ಸರಿಯಾಗಿದ್ದರೂ 'ಟಿಪ್ಪಣಿ' ಎಂಬ ಮುಕ್ತ ಬರವಣಿಗೆಯ ಜಾಗದಲ್ಲಿ ಸಿಬ್ಬಂದಿ ಬರೆದಿಟ್ಟಿದ್ದ ಫೋನ್ ನಂಬರುಗಳು ಹಾಗೆಯೇ ಉಳಿದಿರುವುದನ್ನು ತೋರಿಸಿದರು. ದತ್ತಾಂಶ ಮರೆಮಾಡುವ ಸಾಧನಗಳು ಸಾಮಾನ್ಯವಾಗಿ ಕಾಲಮ್ಮಿನ ಹೆಸರು ನೋಡಿ ಕೆಲಸ ಮಾಡುತ್ತವೆ. ಮನುಷ್ಯರು ಮನಬಂದಂತೆ ಬರೆಯುವ ಜಾಗವನ್ನು ಪ್ರತ್ಯೇಕವಾಗಿ ಅಳಿಸಲೇಬೇಕು. ಎಲ್ಲ ತಂಡಗಳಿಗೂ ಒಂದೇ ಬಗೆಯ ಕಂಟೇನರ್ ಇಮೇಜ್ (ಬೇಕಾದ ತಂತ್ರಾಂಶಗಳೆಲ್ಲ ಸೇರಿರುವ ಸಿದ್ಧ ಕಟ್ಟು) ಹಿಂದಿನ ದಿನವೇ ಕೊಟ್ಟದ್ದರಿಂದ 'ನನ್ನ ಮಷಿನ್ನಿನಲ್ಲಿ ಓಡುತ್ತಿದೆಯಲ್ಲ' ಎಂಬ ಮಾತೂ ಆ ದಿನ ಕಡಿಮೆ ಕೇಳಿಬಂತು. ಕಚೇರಿಗಳ ಹ್ಯಾಕಥಾನ್ ನಡೆಸುವುದೇ ಕಸುಬಾಗಿರುವವರು ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕೊಡಬಾರದೇ ಎಂದು ಕೇಳಿದಾಗ, ಪ್ರತಿ ಕಚೇರಿಯ ವ್ಯವಸ್ಥೆಯೂ ಬೇರೆ ಎಂಬ ಉತ್ತರ ಬಂತು. ವ್ಯವಸ್ಥೆ ಬೇರೆ ಇರಬಹುದು, ಆದರೆ ಕೇಳಬೇಕಾದ ಪ್ರಶ್ನೆಗಳು ಎಲ್ಲ ಕಡೆಯೂ ಇವೇ.

ಆನ್‌ಲೈನ್ ವೇದಿಕೆಯ ವಿಷಯದಲ್ಲಿ ನನ್ನ ಆಕ್ಷೇಪ ಗಂಭೀರವಾದದ್ದು. ಅದು ಮೂಲತಃ ವಿದ್ಯಾರ್ಥಿಗಳ ಮತ್ತು ಸಾರ್ವಜನಿಕರ ಸ್ಪರ್ಧೆಗಳಿಗೆಂದು ಕಟ್ಟಿದ ವೇದಿಕೆ. ಕಚೇರಿಗೆಂದು ಅದರ ಬಣ್ಣ ಮತ್ತು ಲೋಗೊ ಬದಲಾಯಿಸಿ ಕೊಡುತ್ತಾರೆ, ಒಳಗಿನ ಪೂರ್ವನಿಗದಿಗಳು, ಅಂದರೆ ಯಾರೂ ಬದಲಾಯಿಸದಿದ್ದರೆ ಜಾರಿಯಲ್ಲಿರುವ ಆಯ್ಕೆಗಳು, ಹಾಗೆಯೇ ಇರುತ್ತವೆ. ಸಾರ್ವಜನಿಕ ಸ್ಪರ್ಧೆಯಲ್ಲಿ ಸಲ್ಲಿಕೆಗಳನ್ನು ಎಲ್ಲರಿಗೂ ಕಾಣುವಂತೆ ಇಡುವುದು ಸಹಜವೇ, ಪ್ರಚಾರ ಬೇಕಿರುವುದು ಅಲ್ಲಿ ಸ್ಪರ್ಧಿಗಳಿಗೇ. ಕಚೇರಿಯೊಳಗಿನ ಹ್ಯಾಕಥಾನಿನಲ್ಲಿ ಅದೇ ಏರ್ಪಾಡು ಅಪಾಯಕಾರಿ, ಏಕೆಂದರೆ ಅವಸರದಲ್ಲಿ ಬರೆದ ಕೋಡಿನೊಳಗೆ ಎಪಿಐ ಕೀಲಿಗಳು (ಬೇರೆ ತಂತ್ರಾಂಶ ಸೇವೆಗಳಿಗೆ ಪ್ರವೇಶ ಕೊಡುವ ಗುಪ್ತ ಸಂಕೇತಗಳು), ಒಳ ಸರ್ವರುಗಳ ವಿಳಾಸಗಳು ಉಳಿದುಹೋಗುವುದು ಸಾಮಾನ್ಯ. ನಮ್ಮ ಪುಟದಲ್ಲೂ ಸಲ್ಲಿಕೆಗಳನ್ನು ತೋರಿಸುವ ಗ್ಯಾಲರಿ 'ಸಾರ್ವಜನಿಕ' ಎಂದೇ ಗುರುತಾಗಿತ್ತು. ಬಳಕೆಯ ಷರತ್ತುಗಳಲ್ಲಿ, ಸಲ್ಲಿಕೆಗಳ ವಿವರವನ್ನು ಸಂಸ್ಥೆ ತನ್ನ ಪ್ರಚಾರಕ್ಕೆ ಬಳಸಿಕೊಳ್ಳಬಹುದು ಎಂಬ ಕಲಮೂ ಇತ್ತು. ಎರಡನ್ನೂ ಬದಲಾಯಿಸಿಕೊಡಲು ಅವರು ತಕರಾರು ಮಾಡಲಿಲ್ಲ, ಕೇಳಿದ ಮರುದಿನವೇ ಲಿಖಿತವಾಗಿ ಒಪ್ಪಿದರು. ಆದರೆ ಕೇಳದಿದ್ದವರ ಗತಿ ಏನು ಎಂಬ ಪ್ರಶ್ನೆ ಉಳಿಯುತ್ತದೆ. ಕಚೇರಿಗೆ ಮಾರುವ ಸೇವೆಯಲ್ಲಿ ಖಾಸಗಿತನವೇ ಪೂರ್ವನಿಗದಿಯಾಗಿರಬೇಕು, ಕೇಳಿ ಪಡೆಯುವ ಸೌಲಭ್ಯ ಆಗಬಾರದು.

ತಂಡ ಕಟ್ಟುವ ಸೌಲಭ್ಯ ಪರವಾಗಿಲ್ಲ. ಪ್ರತಿಯೊಬ್ಬರೂ ತಮಗೆ ತಿಳಿದ ಕೆಲಸ ಮತ್ತು ಇಷ್ಟವಾದ ಎರಡು ವಿಷಯಗಳನ್ನು ಗುರುತಿಸಿದರೆ ವೇದಿಕೆ ನಾಲ್ಕೈದು ಜನರ ತಂಡಗಳನ್ನು ಸೂಚಿಸುತ್ತದೆ. ದಿನವೂ ಒಟ್ಟಿಗೆ ಕೂರುವವರನ್ನು ಬೇರೆ ಬೇರೆ ತಂಡಗಳಿಗೆ ಹಂಚುವ ಆಯ್ಕೆಯೂ ಇದೆ. ಪ್ರತಿ ತಂಡದಲ್ಲೂ ಆ ತೊಂದರೆಯನ್ನು ದಿನನಿತ್ಯ ಅನುಭವಿಸುವ ಒಬ್ಬರು ಇರಲೇಬೇಕೆಂದು ಸಂಚಾಲಕಿ ಹಟ ಹಿಡಿದದ್ದು ಒಳ್ಳೆಯದಾಯಿತು. ಮರುಪಾವತಿಯ ಎಕ್ಸೆಲ್ ಹಾಳೆಗಳ ಆ ಸಹೋದ್ಯೋಗಿ ತಂಡದಲ್ಲಿ ಕುಳಿತಿದ್ದರಿಂದಲೇ, ಎರಡು ಹಾಳೆಗಳಲ್ಲಿ ಒಂದೇ ಆರ್ಡರ್ ಸಂಖ್ಯೆ ಬೇರೆ ಬೇರೆ ರೀತಿಯಲ್ಲಿ, ಒಂದರಲ್ಲಿ ಮುಂದೆ ಸೊನ್ನೆಗಳೊಂದಿಗೆ, ಇನ್ನೊಂದರಲ್ಲಿ ಸೊನ್ನೆಗಳಿಲ್ಲದೆ ಬರುತ್ತದೆ ಎಂಬುದು ಮೊದಲ ಅರ್ಧ ಗಂಟೆಯಲ್ಲೇ ಬೆಳಕಿಗೆ ಬಂತು. ಬೇರೆ ಊರುಗಳಿಂದ ಕೆಲಸ ಮಾಡುವವರ ಬಗ್ಗೆ ಮಾತ್ರ ಈ ಸೇವೆ ಹೆಚ್ಚು ಯೋಚಿಸಿದಂತಿಲ್ಲ: ಅರ್ಧ ತಂಡ ಕೋಣೆಯಲ್ಲಿ, ಅರ್ಧ ತಂಡ ಪರದೆಯ ಮೇಲೆ ಎಂದಾದರೆ ಪರದೆಯ ಮೇಲಿನವರು ಮಧ್ಯಾಹ್ನದ ಹೊತ್ತಿಗೆ ಬರೀ ಪ್ರೇಕ್ಷಕರಾಗಿಬಿಡುತ್ತಾರೆ. ಒಂದು ತಂಡ ಪೂರ್ತಿ ಕೋಣೆಯಲ್ಲಿರಬೇಕು, ಇಲ್ಲವೇ ಪೂರ್ತಿ ಆನ್‌ಲೈನಿನಲ್ಲಿರಬೇಕು.

ಅವರು ಮೊದಲು ಸೂಚಿಸಿದ್ದು ರಜೆಯ ದಿನ ಸಂಜೆ ಆರಂಭಿಸಿ ರಾತ್ರಿಯಿಡೀ ನಡೆಸುವ ಹ್ಯಾಕಥಾನ್. ಅದರಲ್ಲಿ ಮಜಾ ಹೆಚ್ಚು ಎಂಬ ಮಾತನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಮನೆಯಲ್ಲಿ ಚಿಕ್ಕ ಮಕ್ಕಳಿರುವವರು, ವಯಸ್ಸಾದವರನ್ನು ನೋಡಿಕೊಳ್ಳುವವರು ಅಂಥ ಕಾರ್ಯಕ್ರಮಕ್ಕೆ ಬರುವುದಿಲ್ಲ. ಬಾರದವರನ್ನು ಆಸಕ್ತಿಯಿಲ್ಲದವರೆಂದು ಲೆಕ್ಕ ಹಿಡಿಯುವುದು ಇನ್ನೂ ದೊಡ್ಡ ತಪ್ಪು. ಕಚೇರಿಗೆ ಬೇಕಾದ ಕೆಲಸವನ್ನು ಕಚೇರಿಯ ಸಮಯದಲ್ಲೇ ಮಾಡಿಸಬೇಕೆಂದು ನಾವು ಹೇಳಿದೆವು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗಿನ ವೇಳಾಪಟ್ಟಿಯನ್ನು ಅವರು ಬೇಸರವಿಲ್ಲದೆ ಮಾಡಿಕೊಟ್ಟರು.

ಆ ದಿನದ ನಿರ್ವಹಣೆಯ ಬಗ್ಗೆ ಮೆಚ್ಚುಗೆಯ ಮಾತನ್ನೇ ಹೇಳಬೇಕು. ಉದ್ಘಾಟನೆಯ ಭಾಷಣಕ್ಕೆ ಹತ್ತು ನಿಮಿಷ ಎಂದಿದ್ದರು, ಹತ್ತೇ ನಿಮಿಷಕ್ಕೆ ಮುಗಿಸಿದರು. ಭಾಷಣ ಮಾಡಿದ್ದು ನಮ್ಮ ವಿಭಾಗದ ಮುಖ್ಯಸ್ಥರು ಎಂಬುದನ್ನು ಗಮನಿಸಿದರೆ ಇದು ಸಣ್ಣ ಸಾಧನೆಯಲ್ಲ. ಊಟಕ್ಕೆ ಮುಂಚೆ ಸಂಚಾಲಕಿ ಪ್ರತಿ ತಂಡದ ಮೇಜಿಗೂ ಹೋಗಿ, 'ಎಷ್ಟು ಆಯಿತು' ಎಂದು ಕೇಳುವ ಬದಲು 'ಈಗ ಯಾವುದನ್ನು ಕೈಬಿಡುತ್ತೀರಿ' ಎಂದು ಕೇಳಿದರು. ಲಾಗಿನ್ ಪುಟ, ಬಳಕೆದಾರರ ಪಾತ್ರಗಳು, ಚಂದದ ಗ್ರಾಫುಗಳು ಎಂದು ಯೋಜನೆ ಹಿಗ್ಗಿಸಿಕೊಂಡಿದ್ದ ತಂಡಗಳು ಆ ಪ್ರಶ್ನೆಗೆ ಉತ್ತರ ಹೇಳುತ್ತಲೇ ತಮ್ಮ ಕೆಲಸವನ್ನು ಅರ್ಧಕ್ಕೆ ಇಳಿಸಿಕೊಂಡವು. ಒಂದು ತಂಡ ಲಾಗಿನ್ ಬೇಡವೆಂದು, ಒಬ್ಬ ಬಳಕೆದಾರರ ಹೆಸರನ್ನು ಕೋಡಿನಲ್ಲೇ ಬರೆದುಬಿಟ್ಟಿತು. ಸಂಜೆ ಪೂರ್ಣವಾಗಿ ಓಡುವ ಡೆಮೊ ತೋರಿಸಿದ ಕೆಲವೇ ತಂಡಗಳಲ್ಲಿ ಅದೂ ಒಂದಾಗಿತ್ತು. ಈ ಒಂದು ಭೇಟಿಯನ್ನು ಯಾರು ಬೇಕಾದರೂ ಮಾಡಬಹುದು, ಅದಕ್ಕೆ ಹಣ ಕೊಡಬೇಕಾಗಿಲ್ಲ ಎಂದು ಯಾರಾದರೂ ವಾದಿಸಬಹುದು. ಆದರೆ ಅದನ್ನು ಕೇಳುವವರು ತಮ್ಮ ಮೇಲಧಿಕಾರಿ ಅಲ್ಲದಿದ್ದಾಗ ಸಿಗುವ ಉತ್ತರವೇ ಬೇರೆ.

ಸಲ್ಲಿಕೆಯ ಗಡುವಿನಲ್ಲಿ ಎಡವಟ್ಟಾಯಿತು. ನಾಲ್ಕೂವರೆಗೆ ಸಲ್ಲಿಕೆಯ ಬಾಗಿಲು ತಾನಾಗಿಯೇ ಮುಚ್ಚುತ್ತದೆ. ಪ್ರತಿ ತಂಡವೂ ಎರಡು ನಿಮಿಷದ ವಿಡಿಯೊ ಏರಿಸಬೇಕೆಂಬ ನಿಯಮವಿತ್ತು. ಎಲ್ಲ ತಂಡಗಳೂ ಕೊನೆಯ ಐದು ನಿಮಿಷದಲ್ಲಿ ಒಟ್ಟಿಗೆ ವಿಡಿಯೊ ಏರಿಸಲು ಹೊರಟಾಗ ಸಭಾಂಗಣದ ವೈಫೈ ಏದುಸಿರು ಬಿಟ್ಟಿತು, ಒಂದು ತಂಡದ ಪರದೆಯ ಮೇಲಿನ ನೀಲಿ ಪಟ್ಟಿ ತುದಿಯ ಹತ್ತಿರ ಬಂದು ನಿಂತಿದ್ದಾಗಲೇ ಪುಟ 'ಸಮಯ ಮುಗಿದಿದೆ' ಎಂದಿತು. ಸಹಾಯಕ ಕೈಯಾರೆ ಬಾಗಿಲು ತೆರೆದುಕೊಟ್ಟರು, ಯಾರಿಗೂ ಅನ್ಯಾಯವಾಗಲಿಲ್ಲ. ಆದರೂ ಒಂದೇ ಕಟ್ಟಡದಲ್ಲಿ ಎದುರಿಗೇ ಡೆಮೊ ಕೊಡಲಿರುವವರಿಂದ ವಿಡಿಯೊ ಏಕೆ ಬೇಕು? ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಎಂಬ ತಂತ್ರಾಂಶ ಬಳಸುವ ತಂಡಗಳಿಗೆ ಕೊನೆಯ ಕಮಿಟ್ಟಿನ (ದಾಖಲಾದ ಬದಲಾವಣೆಯ) ಗುರುತನ್ನು ಒಂದು ಸಾಲಿನಲ್ಲಿ ಬರೆದು ಕೊಡಿ ಎಂದರೆ ಸಾಕು; ಯಾವ ಹೊತ್ತಿಗೆ ಯಾವ ಕೋಡ್ ಇತ್ತು ಎಂಬುದು ಅದರಿಂದಲೇ ತಿಳಿಯುತ್ತದೆ.

ಈ ಸೇವೆಯ ಅತ್ಯಂತ ದುರ್ಬಲ ಭಾಗ ತೀರ್ಪು. ಅಂಕಪಟ್ಟಿಯಲ್ಲಿ ಐದು ಅಂಶಗಳಿದ್ದವು: ಹೊಸತನ, ತಾಂತ್ರಿಕ ಗುಣಮಟ್ಟ, ಉಪಯುಕ್ತತೆ, ವಿನ್ಯಾಸ, ನಿರೂಪಣೆ. ಐದಕ್ಕೂ ಸಮಾನ ಅಂಕ. ನೋಡಲು ನ್ಯಾಯವಾಗಿಯೇ ಕಾಣುತ್ತದೆ, ಆದರೆ ಲೆಕ್ಕ ಹಾಕಿ ನೋಡಿದರೆ ವಿನ್ಯಾಸ ಮತ್ತು ನಿರೂಪಣೆ ಎರಡೂ ಸೇರಿ ಶೇ. 40 ಅಂಕಗಳನ್ನು ಕಬಳಿಸುತ್ತವೆ, ಉಪಯುಕ್ತತೆಗೆ ಉಳಿಯುವುದು ಶೇ. 20 ಮಾತ್ರ. ಪರಿಣಾಮ ಊಹಿಸಿದಂತೆಯೇ ಆಯಿತು. ಸೊಗಸಾದ ಸ್ಲೈಡುಗಳೊಂದಿಗೆ, ಹಿಂದೆ ಏನೂ ಓಡದಿದ್ದ ಒಂದು ಡ್ಯಾಶ್‌ಬೋರ್ಡಿನ ಚಿತ್ರಕ್ಕೆ ಮೊದಲ ಬಹುಮಾನ ಬಂತು. ಮೂರು ಹಾಳೆಗಳನ್ನು ಹೊಂದಿಸಿ, ಸೊನ್ನೆಗಳ ಗೊಂದಲ ಬಿಡಿಸಿ, ಮರುಪಾವತಿ ಪಟ್ಟಿಯನ್ನು ನಮ್ಮ ಕಣ್ಣೆದುರೇ ತಯಾರಿಸಿದ ಕಪ್ಪು ಪರದೆಯ ಪ್ರೋಗ್ರಾಮಿಗೆ ಸಮಾಧಾನಕರ ಪ್ರಶಸ್ತಿ. ತೀರ್ಪುಗಾರರನ್ನು ದೂರುವಂತಿಲ್ಲ, ಅವರು ಪಟ್ಟಿಯಲ್ಲಿದ್ದಂತೆಯೇ ಅಂಕ ಕೊಟ್ಟರು. ಅಂಕಪಟ್ಟಿಯನ್ನು ತಿದ್ದಿಕೊಳ್ಳಲು ವೇದಿಕೆಯಲ್ಲಿ ಅವಕಾಶವಿದೆ. ತೂಕವನ್ನು ಬದಲಾಯಿಸಿ, 'ಈ ತೊಂದರೆ ಇರುವವರು ನಾಳೆಯೇ ಇದನ್ನು ಬಳಸಲು ಒಪ್ಪುತ್ತಾರೆಯೇ' ಎಂಬ ಒಂದು ಪ್ರಶ್ನೆಗೇ ಒಟ್ಟು ಅಂಕಗಳಲ್ಲಿ ಅರ್ಧದಷ್ಟನ್ನು ಇಡಿ ಎಂಬುದು ನನ್ನ ಸಲಹೆ. ಸಮಸ್ಯೆಯ ನಮೂನೆಯಲ್ಲಿ ಅಷ್ಟು ವಿವೇಕ ತೋರಿಸಿದ ಸಂಸ್ಥೆ ತೀರ್ಪಿನ ಪಟ್ಟಿಯಲ್ಲಿ ಅದನ್ನು ಮರೆತದ್ದು ಸೋಜಿಗ.

ಬಹುಮಾನದ ಬಗ್ಗೆಯೂ ಒಂದು ಮಾತು. ಹ್ಯಾಕಥಾನ್ ಎಂಬ ಹೆಸರಿನಲ್ಲಿ ನಡೆದ ಮೊದಲ ಕೂಟಗಳಲ್ಲಿ ಒಂದೆಂದು ಗುರುತಿಸಲಾಗುವುದು 1999ರ ಜೂನ್ ತಿಂಗಳಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಸೇರಿದ, ಓಪನ್‌ಬಿಎಸ್‌ಡಿ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ಯೋಜನೆಯ ಕೂಟ. ಅಲ್ಲಿ ಹತ್ತು ಮಂದಿ ಡೆವಲಪರುಗಳು ಸೇರಿದ್ದು ಕ್ರಿಪ್ಟೋಗ್ರಫಿ (ಮಾಹಿತಿಯನ್ನು ಗೂಢಲಿಪಿಗೆ ಇಳಿಸುವ ವಿದ್ಯೆ) ಸಂಬಂಧದ ಕೆಲಸಕ್ಕಾಗಿ, ಅದೂ ಅಮೆರಿಕದ ರಫ್ತು ನಿಯಮಗಳ ತೊಡಕು ತಪ್ಪಿಸಿಕೊಳ್ಳಲೆಂದು ಆ ದೇಶದ ಹೊರಗೆ. ಅವರನ್ನು ಒಟ್ಟುಗೂಡಿಸಿದ್ದು ಎಲ್ಲರಿಗೂ ಬೇಕಾಗಿದ್ದ ಒಂದು ಕೆಲಸ. ನಮ್ಮ ಸೇವಾ ಸಂಸ್ಥೆ ಕೊಡುವ ಮಾದರಿಯಲ್ಲಿ ಬಹುಮಾನವೇ ಮಧ್ಯದಲ್ಲಿ ಕೂರುತ್ತದೆ. ತಂಡಗಳು ತಮ್ಮ ಕೋಡನ್ನು ಪಕ್ಕದ ಮೇಜಿನವರಿಂದ ಮುಚ್ಚಿಟ್ಟುಕೊಳ್ಳುವುದನ್ನೂ ಆ ದಿನ ಕಂಡೆ. ಒಂದೇ ಕಂಪನಿಯ, ಮರುದಿನದಿಂದ ಮತ್ತೆ ಒಟ್ಟಿಗೆ ಕೆಲಸ ಮಾಡಬೇಕಾದ ಜನರಲ್ಲಿ ಇದು ಬೇಕಿಲ್ಲ. ಗೆದ್ದವರಿಗೆ ಹೆಡ್‌ಫೋನ್ ಕೊಡುವುದಕ್ಕಿಂತ, ತಮ್ಮ ಮಾದರಿಯನ್ನು ಮುಗಿಸಲು ಎರಡು ವಾರಗಳ ಕೆಲಸದ ಸಮಯ ಕೊಡುವುದು ಒಳ್ಳೆಯ ಬಹುಮಾನ. ಅದನ್ನು ಕೊಡುವುದು ಸೇವಾ ಸಂಸ್ಥೆಯ ಕೈಯಲ್ಲಿಲ್ಲ ಎಂಬುದೂ ನಿಜವೇ.

ಇಲ್ಲಿಗೇ ನನ್ನ ಮುಖ್ಯ ದೂರು ಬರುತ್ತದೆ. ಹ್ಯಾಕಥಾನ್ ಮುಗಿದ ಮೇಲೆ ಅವರು ಕಳಿಸಿದ ವರದಿಯಲ್ಲಿ ಫೋಟೊಗಳು, ಹಾಜರಾತಿಯ ಅಂಕಿಗಳು, 'ಬಹಳ ಖುಷಿಯಾಯಿತು' ಎಂಬಂಥ ಅಭಿಪ್ರಾಯಗಳು, ಬಣ್ಣದ ನಕ್ಷೆಗಳು ಎಲ್ಲ ಇದ್ದವು. ಯಾವ ಮಾದರಿಯನ್ನು ಯಾರು ಮುಂದುವರಿಸುತ್ತಾರೆ, ಯಾವುದನ್ನು ಬಿಡಬಹುದು, ಯಾವುದಕ್ಕೆ ಇನ್ನೂ ಏನು ಬೇಕು ಎಂಬ ಒಂದು ಸಾಲೂ ಇರಲಿಲ್ಲ. ಮುಂದಿನ ಹೆಜ್ಜೆ ಬರೆದಿಡದ ಹ್ಯಾಕಥಾನ್ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ. ಈ ಕ್ಷೇತ್ರದಲ್ಲಿ ಎಲ್ಲರೂ ಉದಾಹರಿಸುವ ಯಶಸ್ಸುಗಳನ್ನೇ ತೆಗೆದುಕೊಳ್ಳಿ. ಫೇಸ್‌ಬುಕ್ಕಿನ ಲೈಕ್ ಗುಂಡಿಯ ಮಾದರಿ ಅಲ್ಲಿನ ಹ್ಯಾಕಥಾನಿನಲ್ಲಿ ತಯಾರಾದದ್ದು 2007ರಲ್ಲಿ, ಬಳಕೆದಾರರ ಕೈಗೆ ಬಂದದ್ದು 2009ರಲ್ಲಿ. ಅಂಗವೈಕಲ್ಯ ಇರುವ ಆಟಗಾರರಿಗಾಗಿ ಮೈಕ್ರೋಸಾಫ್ಟ್ ತಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರಿನ ಬೇರು ಆ ಕಂಪನಿಯ 2015ರ ಹ್ಯಾಕಥಾನಿನಲ್ಲಿದೆ; ಅದು ಮಾರುಕಟ್ಟೆಗೆ ಬಂದದ್ದು 2018ರಲ್ಲಿ. ಒಂದು ದಿನ ಅಥವಾ ಒಂದು ವಾರದ ಉಮೇದಿಗೂ ಕೊನೆಯ ಉತ್ಪನ್ನಕ್ಕೂ ನಡುವೆ ವರ್ಷಗಳೇ ಇವೆ, ಆ ವರ್ಷಗಳಲ್ಲಿ ಯಾರೋ ಅದನ್ನು ಕೈಬಿಡದೆ ಹಿಡಿದುಕೊಂಡಿದ್ದರು. ಸೇವಾ ಸಂಸ್ಥೆಗಳು ತಮ್ಮ ಪರಿಚಯ ಪತ್ರದಲ್ಲಿ ಲೈಕ್ ಗುಂಡಿಯ ಕಥೆಯನ್ನು ಹೇಳುವಾಗ ಆ ಎರಡು ವರ್ಷಗಳನ್ನು ನುಂಗಿಬಿಡುತ್ತವೆ.

ನಮ್ಮಲ್ಲಿ ಮರುಪಾವತಿಯ ಪ್ರೋಗ್ರಾಮ್ ಇಂದು ಬಳಕೆಯಲ್ಲಿದೆ. ಅದಕ್ಕೆ ಕಾರಣ, ಡೆಮೊ ಮುಗಿದ ವಾರವೇ ನಾವು ಪ್ರತಿ ಮಾದರಿಯ ಎದುರು ಒಬ್ಬರ ಹೆಸರು ಮತ್ತು ಒಂದು ನಿರ್ಧಾರವನ್ನು ಬರೆದದ್ದು: ಮುಂದುವರಿಸುವುದು, ಇನ್ನೊಂದು ತಂಡಕ್ಕೆ ಒಪ್ಪಿಸುವುದು, ಅಥವಾ ಕಾರಣ ತಿಳಿಸಿ ನಿಲ್ಲಿಸುವುದು. ಮೊದಲ ಬಹುಮಾನದ ಡ್ಯಾಶ್‌ಬೋರ್ಡನ್ನು ನಿಲ್ಲಿಸಲಾಯಿತು. ಹ್ಯಾಕಥಾನಿನ ಕೋಡನ್ನು ಹಾಗೆಯೇ ಉತ್ಪಾದನಾ ಸರ್ವರಿಗೆ, ಅಂದರೆ ನಿಜವಾದ ಬಳಕೆಯಲ್ಲಿರುವ ಸರ್ವರಿಗೆ, ಏರಿಸಬಾರದೆಂಬ ನಿಯಮವನ್ನೂ ಮಾಡಿದೆವು. ಮರುಪಾವತಿಯ ಪ್ರೋಗ್ರಾಮನ್ನು ಪರೀಕ್ಷೆಗಳೊಂದಿಗೆ ಮತ್ತೆ ಬರೆಯಲಾಯಿತು, ಉಳಿಸಿಕೊಂಡದ್ದು ಅದರ ತರ್ಕವನ್ನು ಮಾತ್ರ.

ಹಾಗಾದರೆ ಈ ಸೇವೆಯನ್ನು ಯಾರು ಕೊಳ್ಳಬೇಕು? ಇಪ್ಪತ್ತು ಜನರೊಳಗಿನ ತಂಡವಾದರೆ ಅಗತ್ಯವೇ ಇಲ್ಲ. ನಾಲ್ಕು ಪ್ರಶ್ನೆಗಳ ಆ ನಮೂನೆ, ಎಲ್ಲರೂ ತಿದ್ದಬಹುದಾದ ಒಂದು ಗೂಗಲ್ ಶೀಟ್, ಸಮಯ ಮುಗಿಯಿತೆಂದು ನಿರ್ದಾಕ್ಷಿಣ್ಯವಾಗಿ ಹೇಳಬಲ್ಲ, ಬೇರೆ ವಿಭಾಗದ ಒಬ್ಬ ಸಹೋದ್ಯೋಗಿ ಇದ್ದರೆ ಸಾಕು. ಐವತ್ತು, ನೂರು ಜನರಿದ್ದು, ಅಧಿಕಾರಿಗಳ ಮಾತಿಗೆ ಎದುರಾಡುವವರು ಒಳಗೆ ಸಿಗದಿದ್ದರೆ ಹೊರಗಿನ ಸಂಚಾಲಕರು ತಮ್ಮ ಸಂಬಳವನ್ನು ಸಾರ್ಥಕ ಮಾಡುತ್ತಾರೆ. ಅಲ್ಲಿಯೂ ವೇದಿಕೆಯನ್ನು ಬಿಟ್ಟು ಸಂಚಾಲಕರನ್ನು ಮಾತ್ರ ಕೊಳ್ಳಲು ಸಾಧ್ಯವೇ ಎಂದು ಕೇಳಿ ನೋಡಿ, ನಾವು ಮುಂದಿನ ಸಲ ಹಾಗೆಯೇ ಕೇಳಲಿದ್ದೇವೆ. ವರ್ಷಕ್ಕೊಂದು ದೊಡ್ಡ ಕಾರ್ಯಕ್ರಮದ ಬದಲು ಸಣ್ಣದಾಗಿ ಹೆಚ್ಚು ಸಲ ನಡೆಸುವ ಆಲೋಚನೆ ಇದ್ದರಂತೂ ಮೊದಲ ಸಲಕ್ಕೆ ಮಾತ್ರ ಅವರನ್ನು ಕರೆದು, ರೀತಿಯನ್ನು ಕಲಿತು, ಮುಂದೆ ತಾವೇ ನಡೆಸಿಕೊಳ್ಳುವುದು ಲೇಸು. ಅಟ್ಲಾಸಿಯನ್ ಎಂಬ ತಂತ್ರಾಂಶ ಕಂಪನಿ 24 ಗಂಟೆಗಳ ಇಂಥ ಕೂಟವನ್ನು ಶಿಪ್‌ಇಟ್ ಎಂಬ ಹೆಸರಿನಲ್ಲಿ ಮೂರು ತಿಂಗಳಿಗೊಮ್ಮೆ ನಡೆಸುವ ಪದ್ಧತಿ ಬೆಳೆಸಿತು. ಈ ಸಲ ಆಗದಿದ್ದರೆ ಮುಂದಿನ ಸಲ ಎಂಬ ಭರವಸೆ ಇದ್ದಾಗ ಒಂದೇ ದಿನದ ಮೇಲೆ ಅಷ್ಟೊಂದು ಭಾರ ಬೀಳುವುದಿಲ್ಲ.

ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ವೇದಿಕೆಯ ಮೇಲೆ ಉಳಿಯುವ ನಮ್ಮ ಕೋಡ್, ವಿಡಿಯೊ ಮತ್ತು ಸಿಬ್ಬಂದಿಯ ವಿವರಗಳನ್ನು ಯಾವಾಗ ಅಳಿಸುತ್ತೀರಿ? ನಮ್ಮ ಒಪ್ಪಂದದಲ್ಲಿ ಅದಕ್ಕೆ ಅವಧಿಯನ್ನೇ ನಮೂದಿಸಿರಲಿಲ್ಲ. ಮೂವತ್ತು ದಿನಗಳೊಳಗೆ ಅಳಿಸಿ ಇಮೇಲಿನಲ್ಲಿ ಖಚಿತಪಡಿಸಬೇಕೆಂದು ಸೇರಿಸಿಸಿದೆವು, ಅವರು ಅವಧಿಯೊಳಗೇ ಅದನ್ನು ಮಾಡಿ ತಿಳಿಸಿದರು.